ಹೊಸ ಮನೆಗೆ ನೆಟ್ ವೈರ್ ಎಳೆಸುವ ವಿಧಾನ: ಯಜಮಾನರ ಕೈಪಿಡಿ

ಈ ಕೈಪಿಡಿ ಮೂವತ್ತು–ನಲವತ್ತರ ಸೈಟಿನಲ್ಲಿ ಎರಡಂತಸ್ತಿನ ಮನೆ ಕಟ್ಟಿಸುತ್ತಿರುವವರಿಗೆ. ಪ್ಲಾಸ್ಟರಿಂಗ್ ಮುಗಿಸಿ ಓದಲು ಕೂತಿದ್ದರೆ ದಯವಿಟ್ಟು ಮಡಚಿಡಿ. ನಿಮಗೀಗ ಬೇಕಿರುವುದು ಗೋಡೆ ಕೊರೆಯುವ ಮಿಷನ್ನು ಮತ್ತು ಮನೆಯವರ ಕ್ಷಮೆ.

ಬೇಕಾಗುವ ಸಾಮಾನು: ತಾಮ್ರದ ಕ್ಯಾಟ್-6 ಕೇಬಲ್, 305 ಮೀಟರಿನ ಒಂದು ಬಾಕ್ಸ್. 25 ಮಿ.ಮೀ. ಪಿವಿಸಿ ಪೈಪು, ಲೆಕ್ಕಕ್ಕಿಂತ ಒಂದು ಕಟ್ಟು ಜಾಸ್ತಿ. ಟಿವಿ ಗೋಡೆಗೆ 50 ಮಿ.ಮೀ.ದು ಎರಡು ತುಂಡು. ಮಾರ್ಕರ್ ಪೆನ್ನು. ಒಬ್ಬ ಎಲೆಕ್ಟ್ರಿಷಿಯನ್, ಆತನ ಊರಿನಲ್ಲಿ ಜಾತ್ರೆ ಬಂದರೆ ಇನ್ನೊಬ್ಬ.

ಹಂತ 1. ಎಲೆಕ್ಟ್ರಿಷಿಯನ್ ಕಿವಿಗೆ ವಿಷಯ ಹಾಕಿ.

ಮೋಲ್ಡ್ ಹಾಕುವ ಮುಂಚೆಯೇ ಹಾಕಬೇಕು. ಸೆಂಟ್ರಿಂಗ್ ಮೇಲೆ ಕಂಬಿ ಕಟ್ಟಿದ ದಿನ ಆತ ಫ್ಯಾನ್ ಬಾಕ್ಸು, ಲೈಟಿನ ಪೈಪು ಹಾಸುತ್ತಾನಲ್ಲ, ಅದೇ ದಿನ ನಿಮ್ಮ ಪೈಪೂ ಹೋಗಬೇಕು. "ವೈಫೈ ಇರೋವಾಗ ವೈರ್ ಯಾಕೆ ಸಾರ್?" ಎಂದು ಆತ ಕೇಳುತ್ತಾನೆ. ಕೇಳಲೇಬೇಕು. ಕೇಳದಿದ್ದರೆ ನೀವು ಹೇಳಿದ್ದು ಆತನಿಗೆ ಕೇಳಿಸಿಲ್ಲ ಎಂದರ್ಥ.

ಉತ್ತರ ಹೀಗೆ ಕೊಡಿ. ವೈಫೈ ಸಾಮಾನ್ಯವಾಗಿ ಎರಡು ಅಲೆಗಳಲ್ಲಿ ಬರುತ್ತದೆ. 2.4 ಗಿಗಾಹರ್ಟ್ಸ್‌ನದು ಗೋಡೆ ದಾಟುತ್ತದೆ, ಆದರೆ ನಿಧಾನ. ಪಕ್ಕದ ಮನೆಗಳ ವೈಫೈಗಳೆಲ್ಲ ಅಲ್ಲೇ ಸೇರಿರುತ್ತವೆ. 5 ಗಿಗಾಹರ್ಟ್ಸ್‌ನದು ವೇಗವಾಗಿ ಓಡುತ್ತದೆ, ಒಂಬತ್ತಿಂಚಿನ ಇಟ್ಟಿಗೆ ಗೋಡೆ ಕಂಡರೆ ಉಸಿರು ಬಿಡುತ್ತದೆ. ಕಬ್ಬಿಣದ ಬೀರು, ಆಳೆತ್ತರದ ಕನ್ನಡಿ, ಕಂಬಿ ಹೆಣೆದ ಆರ್‌ಸಿಸಿ, ಯಾವುದೂ ಅದಕ್ಕೆ ಆಗಿಬರುವುದಿಲ್ಲ. ನಮ್ಮ ಹಳೇ ಬಾಡಿಗೆ ಮನೆಯಲ್ಲಿ ರೌಟರ್ ಕೆಳಗಿನ ಹಾಲಿನಲ್ಲಿತ್ತು, ಮಗಳ ರೂಮು ಮೇಲಿತ್ತು. ಅವಳು ಆನ್‌ಲೈನ್ ಕ್ಲಾಸುಗಳನ್ನೆಲ್ಲ ಮೆಟ್ಟಿಲಿನ ಏಳನೇ ಹಂತದಲ್ಲಿ ಕೂತು ಮುಗಿಸಿದಳು. ಎಂಟನೆಯದರಲ್ಲಿ ಮೇಷ್ಟ್ರ ಮುಖ ನಿಂತುಬಿಡುತ್ತಿತ್ತು.

ತಮಾಷೆ ನೋಡಿ, ಈ ವೈರಿನ ವ್ಯವಸ್ಥೆಗೆ ಈಥರ್ನೆಟ್ ಎಂದು 1973ರಲ್ಲಿ ಹೆಸರಿಟ್ಟ ರಾಬರ್ಟ್ ಮೆಟ್ಕಾಫ್ ಅದನ್ನು ತಂದದ್ದು ಈಥರ್‌ನಿಂದ. ಬೆಳಕನ್ನು ಹೊತ್ತೊಯ್ಯುವ ಏನೋ ಒಂದು ಆಕಾಶದ ತುಂಬ ಇದೆಯೆಂದು ಹಿಂದಿನ ಭೌತವಿಜ್ಞಾನಿಗಳು ನಂಬಿದ್ದರಲ್ಲ, ಅದು. ಹೆಸರು ಆಕಾಶದ್ದು, ವಾಸ ಗಾರೆಯೊಳಗೆ.

ಹಂತ 2. ಎಲ್ಲ ವೈರೂ ಬಂದು ಸೇರುವ ಜಾಗ ಗೊತ್ತುಮಾಡಿ.

ಇದಕ್ಕೆ ಮನೆಯವರೆಲ್ಲ ಸೇರುತ್ತಾರೆ. ಈಶಾನ್ಯ ದೇವರಿಗೆ, ಆಗ್ನೇಯ ಒಲೆಗೆ, ನೈಋತ್ಯ ಯಜಮಾನರ ಮಂಚಕ್ಕೆ ಆಗಲೇ ಹಂಚಿಹೋಗಿರುತ್ತದೆ. "ಗಾಳೀಲಿ ಹೋಗೋ ವಸ್ತು ತಾನೆ ಅಳಿಯಂದ್ರೆ, ವಾಯುವ್ಯಕ್ಕಿಡಿ" ಎಂದರು ನಮ್ಮ ಮಾವನವರು. ನಮ್ಮ ವಾಯುವ್ಯದಲ್ಲಿ ಬಚ್ಚಲುಮನೆ ಇತ್ತು.

ಕೊನೆಗೆ ಮೆಟ್ಟಿಲ ಕೆಳಗೆ ಎಂದಾಯಿತು. ಒಳ್ಳೆಯ ಜಾಗವೇ. ಅಲ್ಲಿ ಗಾಳಿಯಾಡುವ ಬಾಗಿಲಿನ ಒಂದು ಗೂಡು, ನಾಲ್ಕು ಪ್ಲಗ್ ಪಾಯಿಂಟು, ಅವಕ್ಕೆ ಯುಪಿಎಸ್ ಲೈನು ಇರಲಿ. ಕರೆಂಟ್ ಹೋದಾಗ ಫ್ಯಾನು ತಿರುಗುತ್ತಾ ನೆಟ್ ಸತ್ತಿರುವುದು ಯುಪಿಎಸ್ ಇರುವ ಮನೆಗೆ ಅವಮಾನ. ಕಾಂಪೌಂಡಿನಿಂದ ಈ ಗೂಡಿಗೊಂದು, ತಾರಸಿಯಿಂದ ಇನ್ನೊಂದು ಖಾಲಿ ಪೈಪು ಬರಬೇಕು. ಬರದಿದ್ದರೆ ಫೈಬರ್ ಹಾಕುವ ಹುಡುಗ ನಿಮ್ಮ ತೇಗದ ಕಿಟಕಿಯ ಮೂಲೆಗೆ ಡ್ರಿಲ್ ಇಡುತ್ತಾನೆ. ಅವನದು ತಪ್ಪಲ್ಲ. ಅವನಿಗೆ ಆ ದಿನ ಇನ್ನೂ ನಾಲ್ಕು ಮನೆ ಇರುತ್ತವೆ.

ಗೂಡು ತಗಡಿನದಾದರೆ ವೈಫೈ ಅದರೊಳಗೇ ಉಳಿಯುತ್ತದೆ. ಆದ್ದರಿಂದ ಇಲ್ಲಿಂದ ಪ್ರತಿ ಮಹಡಿಯ ನಡುಮಧ್ಯದ ಸೀಲಿಂಗಿಗೆ ಒಂದೊಂದು ವೈರ್ ಹೋಗಲಿ. ಅಲ್ಲಿ ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಕೂರಿಸಿದರೆ ಫೋನುಗಳು ಸುಖವಾಗಿರುತ್ತವೆ. ನೆಟ್ ವೈರಿನಲ್ಲೇ ಕರೆಂಟನ್ನೂ ಕೊಡುವ ಪಿಒಇ ಸ್ವಿಚ್ ತಂದರೆ ಆಕ್ಸೆಸ್ ಪಾಯಿಂಟಿಗಾಗಲಿ, ಗೇಟಿನ ಕ್ಯಾಮೆರಾಕ್ಕಾಗಲಿ ಬೇರೆ ಪ್ಲಗ್ ಬೇಡ. ಟಿವಿ, ಕಂಪ್ಯೂಟರಿನಂಥ ಕೂತಲ್ಲೇ ಕೂರುವ ವಸ್ತುಗಳಿಗೆ ನೇರ ವೈರು. ಒಂದು ಪಾಯಿಂಟ್ ಬೇಕೆನಿಸಿದ ಕಡೆ ಎರಡು ಹಾಕಿಸಿ.

ಹಂತ 3. ಈ ಹಂತವನ್ನು ಮೇಸ್ತ್ರಿ ಪ್ಲಾಸ್ಟರ್ ಮಾಡಿ ಮುಚ್ಚಿದ್ದಾರೆ.

ಹಂತ 4. ವೈರ್ ಕೊಳ್ಳುವುದು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದೇ ಥರ ಕಾಣುವ ಎರಡು ಬಾಕ್ಸ್ ಮುಂದಿಡುತ್ತಾರೆ. ಒಂದು ಅಗ್ಗ, ಎತ್ತಿದರೆ ಹಗುರ. ಅದರ ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆಂಪಿನ ಕೆಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಮುಲಾಮು ಹಚ್ಚಿದ ಅಲ್ಯೂಮಿನಿಯಂ. ಬಾಕ್ಸಿನ ಮೂಲೆಯಲ್ಲಿ ಸಿಸಿಎ ಎಂದು ಸಣ್ಣಕ್ಷರದಲ್ಲಿ ಇದ್ದರೂ ಇರಬಹುದು. ನಾಲ್ಕು ಸಲ ಬಗ್ಗಿಸಿದರೆ ಮುರಿಯುವ ಅದನ್ನು ಗೋಡೆಯೊಳಗೆ ಹೂಳಬೇಡಿ. ಅಸಲಿ ಕ್ಯಾಟ್-6 ನೂರು ಮೀಟರ್‌ವರೆಗೆ ಸೆಕೆಂಡಿಗೆ ಒಂದು ಗಿಗಾಬಿಟ್ ಒಯ್ಯುತ್ತದೆ. ನಿಮ್ಮ ಸೈಟಿನ ಉದ್ದ ನಲವತ್ತು ಅಡಿ. ಸಾಕು.

ಹಂತ 5. ಎಳೆಯುವುದು.

ನಮ್ಮಲ್ಲಿ ಆದದ್ದು ಹೀಗೆ. ಎಲೆಕ್ಟ್ರಿಷಿಯನ್ ಮೇಲಿನ ರೂಮಿನಲ್ಲಿ, ನಾನು ಮೆಟ್ಟಿಲ ಕೆಳಗೆ ಕುಕ್ಕರಗಾಲಿನಲ್ಲಿ. ಪೈಪಿನೊಳಗೆ ಸ್ಪ್ರಿಂಗ್ ತೂರಿಸಿ, ತುದಿಗೆ ಎರಡು ಕೇಬಲ್ ಕಟ್ಟಿ, ಇನ್ಸುಲೇಷನ್ ಟೇಪ್ ಸುತ್ತಿ "ಬಿಡ್ರೀ ಸಾರ್" ಎಂದ. ನನಗೆ "ಹಿಡೀರಿ" ಎಂದು ಕೇಳಿಸಿತು. ಹಿಡಿದೆ. ಆತ ಎಳೆದ, ನಾನು ಇನ್ನೂ ಬಿಗಿಯಾಗಿ ಹಿಡಿದೆ. ಕೇಬಲ್ ಮೂರನೇ ಎಲ್ಬೋದಲ್ಲಿ ಸಿಕ್ಕಿಕೊಂಡಿತು. ಹೆಂಡತಿ ಟಾಲ್ಕಂ ಪೌಡರಿನ ಡಬ್ಬಿ ತಂದು ಪೈಪಿಗೆ ಸುರಿದಳು. ಕೇಬಲ್ ಘಮಘಮಿಸುತ್ತಾ ಹೊರಬಂತು, ಮೈಯೆಲ್ಲ ತರಚಿತ್ತು. ಹಾಗಾಗಿ ಎಲ್ಬೋ ಬೇಡ, ಉದ್ದದ ಬೆಂಡ್ ಹಾಕಿಸಿ. ಎರಡು ಬೆಂಡಿಗೊಂದು ಜಂಕ್ಷನ್ ಬಾಕ್ಸ್ ಇರಲಿ. ಕೇಬಲ್ಲಿನ ದಪ್ಪದ ನಾಲ್ಕು ಪಟ್ಟಿಗಿಂತ ಬಿಗಿಯಾಗಿ ಅದನ್ನು ತಿರುಗಿಸಬಾರದು.

ಲೈಟಿನ ಪೈಪಿನಲ್ಲಿ ಜಾಗ ಇದೆಯೆಂದು ನೆಟ್ ವೈರನ್ನು ಅದರಲ್ಲೇ ತೂರಿಸಲು ಬಂದರೆ ಕೈ ಹಿಡಿಯಿರಿ. 230 ವೋಲ್ಟಿನ ಜೊತೆ ಒಂದೇ ಪೈಪಿನಲ್ಲಿ ಇಡುವುದು ಅಪಾಯ. ಒಂದಡಿ ದೂರವಿರಲಿ, ದಾಟಲೇಬೇಕಾದರೆ ಕೂಡಿಸುವ ಗುರುತಿನಂತೆ ಅಡ್ಡ ದಾಟಲಿ.

ತುದಿಯಲ್ಲಿ ನಾಲ್ಕು ಜೋಡಿ ತಂತಿಗಳು ಹುರಿಗೊಂಡಿರುತ್ತವೆ. ಆ ಹುರಿ ಅಂದಕ್ಕಲ್ಲ. ಅಕ್ಕಪಕ್ಕದ ಗದ್ದಲ ಜೋಡಿಯ ಎರಡೂ ತಂತಿಗೆ ಸಮನಾಗಿ ತಗಲಿ ಕಳೆದುಹೋಗಲಿ ಎಂದು. ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ನಮ್ಮ ಎಲೆಕ್ಟ್ರಿಷಿಯನ್ ಅದನ್ನು ಎರಡಿಂಚು ಬಿಚ್ಚಿ, ಬಾಚಿ, ಜಡೆ ಹಾಕುವವನಂತೆ ನಿಂತಿದ್ದ. ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಕೂಡದು. ಬಣ್ಣಗಳನ್ನು ಮಗ್ಗಿಯಂತೆ ಹೇಳಿಸಿ: ಕೇಸರಿ-ಬಿಳಿ, ಕೇಸರಿ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಎರಡೂ ತುದಿಗೆ ಇದೇ. ಆಮೇಲೆ ಟೆಸ್ಟರ್ ಹಾಕಿ ಒಂದರಿಂದ ಎಂಟರವರೆಗೆ ದೀಪ ಹತ್ತಿದರೆ ಮಾತ್ರ ಕೂಲಿ ಕೊಡಿ.

ಹಂತ 6. ಟಿವಿ ಗೋಡೆ.

ಎಚ್‌ಡಿಎಂಐ ವೈರನ್ನು ಗೋಡೆಯಲ್ಲಿ ಹೂತು ಪ್ಲಾಸ್ಟರ್ ಮಾಡಿಸುವವರು ಮರುಜನ್ಮದಲ್ಲಿ ನಂಬಿಕೆ ಇಲ್ಲದವರು. 2009ರಲ್ಲಿ 1.4 ಬಂತು, 2013ರಲ್ಲಿ 2.0, 2017ರಲ್ಲಿ 2.1. ಗೋಡೆ ಮಾತ್ರ ಅದೇ. ವೈರ್ ಬದಲಾಗುತ್ತಲೇ ಇರುತ್ತದೆ. ಆದ್ದರಿಂದ ಟಿವಿಯ ಹಿಂದಿನಿಂದ ಕೆಳಗಿನ ಶೆಲ್ಫಿಗೆ, ಎಚ್‌ಡಿಎಂಐನ ತಲೆ ಹಿಡಿಸುವಷ್ಟು ಅಗಲದ ಪೈಪು ಬಿಡಿ. ತಾರಸಿಯ ಡಿಶ್‌ನಿಂದ ಒಂದು ಕೊಎಕ್ಸಿಯಲ್ ವೈರೂ ಬರಲಿ. ಅಜ್ಜಿಗೆ ಚಂದನ ವಾಹಿನಿಯನ್ನು ಆ್ಯಪಿನಲ್ಲಿ ಹುಡುಕಿಕೊಡಲು ನೀವು ದಿನಾ ಮನೆಯಲ್ಲಿರುವುದಿಲ್ಲ. ಟಿವಿ ಎಷ್ಟು ಎತ್ತರದಲ್ಲಿರಬೇಕೆಂಬ ಚರ್ಚೆ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಹಂತ 7. ಗುರುತು ಹಾಕುವುದು.

ನಮ್ಮಾತ ಯಾವ ಪೈಪು ಯಾವ ರೂಮಿಗೆ ಎಂಬುದನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಅಂದವಾಗಿ ಬರೆದಿದ್ದ. ಪೇಂಟರು ಬಂದು ಅದರ ಮೇಲೆ ಪುಟ್ಟಿ ಎಳೆದರು. ಈಗ ನಮ್ಮ ಗೂಡಿನಲ್ಲಿ ಹನ್ನೊಂದು ವೈರಿವೆ, ಒಂಬತ್ತರ ಕುಲಗೋತ್ರ ಗೊತ್ತಾಗಿದೆ. ಆದ್ದರಿಂದ ಹೆಸರನ್ನು ವೈರಿನ ಮೈಮೇಲೆ, ಎರಡೂ ತುದಿಗೆ ಬರೆಯಿರಿ. ಖಾಲಿ ಪೈಪಿನ ಬಾಯಿಗೆ ಕಾಗದ ತುರುಕಿ, ಇಲ್ಲದಿದ್ದರೆ ಗಾರೆ ತುಂಬಿಕೊಳ್ಳುತ್ತದೆ. ಪ್ರತಿ ಗೋಡೆಗೂ ಅಳತೆ ಟೇಪು ಹಿಡಿದು ಫೋಟೊ ತೆಗೆದುಕೊಳ್ಳಿ.

ಇನ್ನೂ ತೆಗೆದಿಲ್ಲವಾದರೆ ಈ ಹಾಳೆ ಇಲ್ಲೇ ಇಟ್ಟು ಈಗಲೇ ಹೋಗಿ ಬನ್ನಿ. ನಾಳೆ ಬೆಳಿಗ್ಗೆ ಗಾರೆಯವರು ಬರುತ್ತಾರೆ.