ಜಾತಿಕೋಷ್ಟಕ ಶಾಸ್ತ್ರ: ಒಂದು ತಾತ್ವಿಕ ಪೀಠಿಕೆ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸೀಮೆಯನ್ನು ಅಧ್ಯಯನದ ವ್ಯಾಪ್ತಿಯಾಗಿ ಇಟ್ಟುಕೊಂಡು, ಮತದಾರನೆಂಬ ಜೀವಿಯ ಬೆರಳಿಗೆ ಶಾಯಿ ತಾಗುವ ಮುನ್ನವೇ ಅವನ ಮತ ಎಲ್ಲಿ ಬಿದ್ದಿದೆಯೆಂದು ಅರುಹುವ ಜಾತಿಕೋಷ್ಟಕ ಶಾಸ್ತ್ರದ ಜ್ಞಾನಮೀಮಾಂಸೆಯನ್ನು ಸಂಕಥನಾತ್ಮಕ ನೆಲೆಯಲ್ಲಿ ನಿರಚಿಸುವುದು ಪ್ರಸ್ತುತ ಪ್ರಬಂಧದ ಘನೋದ್ದೇಶ. ಶಾಸ್ತ್ರದ ಪ್ರಥಮ ಸೂತ್ರ: ಮತದಾರನಿಗೆ ಜಾತಿಯುಂಟು, ತಕರಾರಿಲ್ಲ. ಹೊಲ, ಕೂಲಿ, ಸಾಲ, ಕೆಮ್ಮು ಇತ್ಯಾದಿ ಉಪಾಧಿಗಳು ಅವನಿಗಿದ್ದರೂ ಮತಗಟ್ಟೆಯ ಹೊಸ್ತಿಲಲ್ಲಿ ಅವು ಲಯಿಸುತ್ತವೆ. ದ್ವಿತೀಯ ಸೂತ್ರದ ಪ್ರಕಾರ ಮತಗಳಲ್ಲಿ ನಾಲ್ಕು ಪ್ರಭೇದ: ಹುಟ್ಟಿದ ಕೇರಿಯಿಂದ ಕದಲದ ಸ್ಥಾವರ ಮತ, ಹಣಕ್ಕೂ ಹಾರಕ್ಕೂ ಚಲಿಸುವ ಜಂಗಮ ಮತ, ಮುಖಂಡನ ಮಾತಿನ ಮೇಲೆ ಸಗಟಾಗಿ ಸಾಗುವ ಗುತ್ತಿಗೆ ಮತ, ಹಾಗೂ ಮುಂದೆ ವಿವರಿಸಲಾಗುವ ಉಭಯಸಂಕ್ರಾಂತ ಮತ. ತೃತೀಯ ಸೂತ್ರ: ಎಲ್ಲ ಕ್ಷೇತ್ರಗಳಲ್ಲೂ ಎಲ್ಲ ಜಾತಿಗಳೂ ನಿರ್ಣಾಯಕ.

ಶಾಸ್ತ್ರವೆಂದ ಮೇಲೆ ಪ್ರಮಾಣ ಬೇಕು. ಚುನಾವಣೆ ಬಂದಾಗಲೆಲ್ಲ ಟಿವಿಯಲ್ಲಿ ಒಂದು ಕೋಷ್ಟಕ ಮೂಡುತ್ತದೆ: ನಾಯಕರು ಇಷ್ಟು ಸಾವಿರ, ಲಿಂಗಾಯತರು ಇಷ್ಟು, ಕುರುಬರು, ಮಾದಿಗರು, ಮುಸ್ಲಿಮರು ಇಷ್ಟಿಷ್ಟು, ಉಳಿದವರು ‘ಇತರೆ’. ಅಂಕಿಗಳೆಲ್ಲ ಮೂರು ಸೊನ್ನೆಗಳಲ್ಲಿ ಮುಗಿಯುತ್ತವೆ. ಕೆಳಗೆ ಆಕರದ ಹೆಸರಿರುವುದಿಲ್ಲ. ಪರಿಶಿಷ್ಟರನ್ನೂ ಧರ್ಮವನ್ನೂ ಬಿಟ್ಟರೆ ಭಾರತದ ಜನಗಣತಿ ಎಲ್ಲ ಜಾತಿಗಳನ್ನೂ ಎಣಿಸಿ ಪ್ರಕಟಿಸಿದ್ದು ಕೊನೆಯ ಸಲ 1931ರಲ್ಲಿ. ಆಗ ಹೊಸಪೇಟೆ, ಕಂಪ್ಲಿಗಳು ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು, ಸಂಡೂರಿಗೆ ಸ್ವಂತ ರಾಜರಿದ್ದರು. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆಯ ಕಲ್ಪನೆ ಕಾಗದದಲ್ಲಿತ್ತು. ಕಾಲುವೆಯ ಹಿಂದೆ ಆಂಧ್ರದಿಂದ ಬಂದು ಭತ್ತ ಬೆಳೆದವರ ಕ್ಯಾಂಪುಗಳೂ ಇರಲಿಲ್ಲ, ಅದಿರಿನ ಹಿಂದೆ ಬಂದವರ ಇಂದಿನ ಕಾಲೋನಿಗಳೂ ಇರಲಿಲ್ಲ. ರಾಜ್ಯ ಸರ್ಕಾರ 2015ರಲ್ಲಿ ಮನೆಮನೆ ಸಮೀಕ್ಷೆ ಮಾಡಿಸಿತಾದರೂ ವರದಿ ಅದರ ಕೈಸೇರಿದ್ದು 2024ರ ಫೆಬ್ರವರಿಯಲ್ಲಿ. ಈ ನಡುವೆ ನಡೆದ ಚುನಾವಣೆಗಳ ಕೋಷ್ಟಕಗಳಿಗೆ ಅಂಕಿ ಎಲ್ಲಿಂದ ಬಂತು? ಪ್ರತ್ಯಕ್ಷವೂ ಅಲ್ಲ, ಅನುಮಾನವೂ ಅಲ್ಲ. ಚಹಾದಂಗಡಿಯ ಮುಂದೆ ಯಾರೋ ಹೇಳಿದ್ದನ್ನು ಇನ್ಯಾರೋ ಬರೆದುಕೊಂಡ ಆಪ್ತವಾಕ್ಯ ಪ್ರಮಾಣ.

ಇನ್ನು ಸ್ಥಾವರ-ಜಂಗಮ ಭೇದ. ಇಲ್ಲಿ ಶಾಸ್ತ್ರಕ್ಕೆ ಮೊದಲ ಇಕ್ಕಟ್ಟು: ಕ್ಷೇತ್ರದಲ್ಲಿ ಚಲಿಸುತ್ತಿರುವುದು ಮತದಾರನಲ್ಲ, ನಾಯಕ. ಆನಂದ್ ಸಿಂಗ್ ವಿಜಯನಗರ ಕ್ಷೇತ್ರದಿಂದ 2008 ಮತ್ತು 2013ರಲ್ಲಿ ಬಿಜೆಪಿಯಿಂದ, 2018ರಲ್ಲಿ ಕಾಂಗ್ರೆಸ್ಸಿನಿಂದ, 2019ರ ಉಪಚುನಾವಣೆಯಲ್ಲಿ ಮತ್ತೆ ಬಿಜೆಪಿಯಿಂದ ಗೆದ್ದರು. ರಜಪೂತರು ಹೊಸಪೇಟೆಯಲ್ಲಿ ಎಷ್ಟು ಮನೆ? ಜಾತಿ ಗೆಲ್ಲಿಸಿತೆನ್ನಲು ಜಾತಿಯಿಲ್ಲ, ಪಕ್ಷ ಗೆಲ್ಲಿಸಿತೆನ್ನಲು ಪಕ್ಷ ನಿಂತಲ್ಲಿ ನಿಲ್ಲಲಿಲ್ಲ. ಕಂಪ್ಲಿಯಲ್ಲಿ ಸುರೇಶ್ ಬಾಬು 2008ರಲ್ಲಿ ಬಿಜೆಪಿ, 2013ರಲ್ಲಿ ಬಿಎಸ್‌ಆರ್ ಕಾಂಗ್ರೆಸ್. 1999ರಲ್ಲಿ ಬಳ್ಳಾರಿ ಲೋಕಸಭೆಗೆ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ನಿಂತಾಗ ಇಬ್ಬರೂ ಈ ಜಿಲ್ಲೆಯ ಯಾವ ಕೇರಿಯವರೂ ಆಗಿರಲಿಲ್ಲ. ಆದರೂ ಜನ ಲಕ್ಷಗಟ್ಟಲೆ ಓಟು ಹಾಕಿದರು. ಪಕ್ಷನಿಷ್ಠೆಯ ಆಳ ಅರಿಯಬಯಸುವವರು 2019ರ ಜನವರಿ ನೆನೆಯಬಹುದು: ಆಗ ಕಂಪ್ಲಿ ಮತ್ತು ಹೊಸಪೇಟೆಯ ಶಾಸಕರಿಬ್ಬರೂ ಒಂದೇ ಪಕ್ಷದವರು, ಒಂದೇ ರೆಸಾರ್ಟಿನಲ್ಲಿದ್ದರು, ಒಬ್ಬರು ಆಸ್ಪತ್ರೆ ಸೇರಿದರು, ಇನ್ನೊಬ್ಬರ ಮೇಲೆ ಪೊಲೀಸ್ ಕೇಸಾಯಿತು.

ನಮ್ಮ ಪಂಡಿತರು ಆಗಾಗ ಅಮೆರಿಕದ ಕೆಂಪು-ನೀಲಿ ನಕ್ಷೆಯನ್ನು ಈ ಸೀಮೆಯ ಮೇಲೆ ಹಾಸಿ ನೋಡುತ್ತಾರೆ. ಅಲ್ಲಿ 1964ರ ನಾಗರಿಕ ಹಕ್ಕು ಕಾಯ್ದೆ, 1965ರ ಮತದಾನ ಹಕ್ಕು ಕಾಯ್ದೆಗಳ ನಂತರ ದಕ್ಷಿಣದ ಬಿಳಿಯರು ಹಂತಹಂತವಾಗಿ ಡೆಮಾಕ್ರಟಿಕ್ ಪಕ್ಷ ತೊರೆದು ರಿಪಬ್ಲಿಕನ್ನರಾದರು. ಕರಿಯರಲ್ಲಿ ಬಹುಪಾಲು ಡೆಮಾಕ್ರಟರ ಜೊತೆ ನಿಂತರು. ಹಾಗಾಗಿ ಅಲ್ಲಿ ಜನಾಂಗದ ಗೆರೆಯೂ ಪಕ್ಷದ ಗೆರೆಯೂ ಒಂದರ ಮೇಲೊಂದು ಕೂತಿವೆ, ದ್ವೇಷ ಅಪ್ಪನಿಂದ ಮಗನಿಗೆ ಆಸ್ತಿಯಂತೆ ಇಳಿಯುತ್ತದೆ. ಇಲ್ಲಿ ಜಾತಿ ಚರ್ಮ, ಪಕ್ಷ ಅಂಗಿ. ಅಂಗಿ ಬದಲಿಸುವವನು ನಾಯಕ. ಚರ್ಮದ ಲೆಕ್ಕ ಕೇಳುವುದು ಮಾತ್ರ ಮತದಾರನನ್ನು.

ಶಾಸ್ತ್ರಕ್ಕೆ ಎರಡನೆಯ ಇಕ್ಕಟ್ಟು ಮೀಸಲು ಕ್ಷೇತ್ರ. ಸಂಡೂರು, ಕಂಪ್ಲಿ ಎರಡೂ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು. ಕಣದಲ್ಲಿರುವವರೆಲ್ಲ ಅದೇ ಪಂಗಡದವರಾದಾಗ ಸ್ವಜಾತಿಪ್ರೇಮದ ಸಿದ್ಧಾಂತ ಕೈಕೊಡಬೇಕಿತ್ತು. ಕೊಡಲಿಲ್ಲ, ಎಲ್ಲ ಜಾತಿಗಳೂ ನಿರ್ಣಾಯಕವೆಂಬ ತೃತೀಯ ಸೂತ್ರ ‘ಹಾಗಾದರೆ ಇತರರೇ ನಿರ್ಣಾಯಕ’ ಎಂದು ಕಾಪಾಡಿತು. ಅದೇ ಸೂತ್ರ ಹಿಂದಕ್ಕೂ ಹರಿದು ಹಂಪಿ ತಲುಪಿದೆ: ಹಕ್ಕ-ಬುಕ್ಕರ ಜಾತಿ, ಕೃಷ್ಣದೇವರಾಯನ ಜಾತಿ, ಕುಮಾರರಾಮನ ಜಾತಿ ಕುರಿತು ವಾದಗಳು ಹುಲುಸಾಗಿವೆ. 1565ರ ಸೋಲಿಗೆ ವಾರಸುದಾರಿಕೆ ಕೋರಿ ಇನ್ನೂ ಯಾರೂ ಅರ್ಜಿ ಹಾಕಿಲ್ಲ. (ಉಭಯಸಂಕ್ರಾಂತ ಮತವನ್ನು ವಿವರಿಸುವ ಉತ್ಸಾಹ ಪ್ರಬಂಧಕಾರನಿಗೆ ಉಳಿದಿಲ್ಲ.)

ಜಾತಿಯೇ ಇಲ್ಲವೆನ್ನುತ್ತೀರಾ, ಅದು ಮೇಲಿನವರ ಸೊಗಸಲ್ಲವೇ ಎಂಬ ಆಕ್ಷೇಪ ಬರುತ್ತದೆ. ಸರಿಯಾದ ಆಕ್ಷೇಪ. ಜಾತಿ ಇದೆ, ಹೋಟೆಲಿನ ಲೋಟದಲ್ಲಿದೆ, ಗುಡಿಯ ಮೆಟ್ಟಿಲಲ್ಲಿದೆ, ಬಾಡಿಗೆ ಮನೆ ಕೇಳಿದಾಗ ಬರುವ ಮೊದಲ ಪ್ರಶ್ನೆಯಲ್ಲಿದೆ. ಮೀಸಲು ಇಲ್ಲದಿದ್ದರೆ ಕಂಪ್ಲಿಯ ನಾಯಕ ಸಮುದಾಯದವರೊಬ್ಬರಿಗೆ ಯಾವ ಪಕ್ಷ ಟಿಕೆಟ್ ಕೊಡುತ್ತಿತ್ತೋ ಹೇಳಲಾಗದು. ಆದರೆ ಕೋಷ್ಟಕದಲ್ಲಿ ಆ ಲೋಟವೂ ಇಲ್ಲ, ಮೆಟ್ಟಿಲೂ ಇಲ್ಲ. ಅವಮಾನವನ್ನು ಸೋಸಿ ತೆಗೆದು ತಲೆಗಳನ್ನಷ್ಟೇ ಉಳಿಸಿಕೊಂಡ ಜಾತಿ ಅದು. 1932ರಲ್ಲಿ ಸಂಡೂರಿನ ರಾಜ ಯಶವಂತರಾವ್ ಘೋರ್ಪಡೆ ಸಂಸ್ಥಾನದ ದೇವಾಲಯಗಳನ್ನು ದಲಿತರಿಗೆ ತೆರೆದಾಗ ಅವರು ಯಾರ ಮತವನ್ನೂ ಬೇಡಬೇಕಿರಲಿಲ್ಲ. ಅರಸೊತ್ತಿಗೆ ಮರಳಿ ಬರಲಿ ಎಂಬುದಲ್ಲ ಇದರರ್ಥ. ಮತ ಬೇಡುವವರಿಂದ ಅಂಥದ್ದೊಂದನ್ನು ಕೇಳುವ ಹಕ್ಕು ಈಗ ಜನರಿಗಿದೆ, ಕೋಷ್ಟಕ ಆ ಪ್ರಶ್ನೆಯನ್ನೇ ನುಂಗುತ್ತದೆ ಎಂಬುದು. ಕೋಷ್ಟಕ ಬರೀ ಕನ್ನಡಿ ಎನ್ನುವವರೂ ಇದ್ದಾರೆ. ಕನ್ನಡಿ ನೋಡಿ ಯಾರೂ ಟಿಕೆಟ್ ಹಂಚುವುದಿಲ್ಲ, ಯಾವ ಕೇರಿಗೆ ಎಷ್ಟು ನೋಟು ಎಂದು ಕಟ್ಟುವುದಿಲ್ಲ. ಜಾತಿ ಹೆಸರಲ್ಲಿ ಮತ ಕೇಳುವುದು ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಭ್ರಷ್ಟಾಚರಣೆ. ಮತದಾರನ ಜಾತಿಗೂ ಅದು ಅನ್ವಯವೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು ಹೇಳಿದರು. ಜಾತಿಯ ಹೆಸರಲ್ಲಿ ಮತವನ್ನು ಲೆಕ್ಕಕ್ಕೆ ಹಿಡಿದಿಡುವುದಕ್ಕೆ ಮಾತ್ರ ಸೆಕ್ಷನ್ ಇಲ್ಲ.

ಕೋಷ್ಟಕ ನುಂಗಿದ ಪ್ರಶ್ನೆಗಳಿಗೆ ಉದಾಹರಣೆ ಬೇಕೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತು. ತುಂಬಿದ್ದ ನೀರಿನ ದೊಡ್ಡ ಪಾಲನ್ನು ಹೊಳೆಗೆ ಬಿಟ್ಟ ಮೇಲೆಯೇ ತಡೆ ಕೂರಿಸಲಾಯಿತು. ಆ ನೀರು ನೆಚ್ಚಿದ ಗದ್ದೆಗಳಲ್ಲಿ ಎಲ್ಲ ಜಾತಿಯ ಭತ್ತವಿತ್ತು. ಅದೇ ವರ್ಷ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಖಾತೆಯಿಂದ ಸುಮಾರು 89 ಕೋಟಿ ರೂಪಾಯಿ ಸೋರಿತು, ಲೆಕ್ಕಪತ್ರದ ಅಧಿಕಾರಿಯೊಬ್ಬರು ಜೀವ ಕಳೆದುಕೊಂಡರು, ಸಚಿವರು ರಾಜೀನಾಮೆ ಕೊಟ್ಟರು. ಅದರಲ್ಲಿ ಒಂದು ಪಾಲು ಬಳ್ಳಾರಿ ಲೋಕಸಭಾ ಚುನಾವಣೆಗೆ ಖರ್ಚಾಯಿತೆಂಬುದು ಜಾರಿ ನಿರ್ದೇಶನಾಲಯದ ಆರೋಪ; ಸಾಬೀತಾಗಬೇಕಿದೆ. ಸಾಬೀತಾದರೆ ಅದರರ್ಥ ಇಷ್ಟೇ: ಬೇಡರ ಹುಡುಗನ ಕೊಳವೆಬಾವಿಗೆ, ಹೆಣ್ಣುಮಗಳ ಹೊಲಿಗೆ ಯಂತ್ರಕ್ಕೆ ಎಂದಿಟ್ಟ ದುಡ್ಡನ್ನೇ ಐನೂರರ ನೋಟು ಮಾಡಿ, ಅವರದೇ ಮೀಸಲು ಕ್ಷೇತ್ರದಲ್ಲಿ, ಅವರದೇ ಮತಕ್ಕೆ ಬೆಲೆ ಕಟ್ಟಲಾಯಿತು. ಆ ನವೆಂಬರಿನಲ್ಲಿ ಸಂಡೂರಿಗೆ ಉಪಚುನಾವಣೆ ಬಂತು. ವಿರೋಧ ಪಕ್ಷ ಈ ಹಗರಣವನ್ನು ಊರೂರಿಗೆ ಹೊತ್ತು ತಿರುಗಿತು. ಕಾಂಗ್ರೆಸ್ಸಿನ ಅನ್ನಪೂರ್ಣ ತುಕಾರಾಂ 9,649 ಮತಗಳಿಂದ ಗೆದ್ದರು. ಜನ ಹಗರಣವನ್ನು ನಂಬಲಿಲ್ಲವೋ, ನಂಬಿಯೂ ಹೇಳುವವರನ್ನು ನಂಬಲಿಲ್ಲವೋ, ಗಣಿಧೂಳಿನ ನಡುವೆ ಗ್ಯಾರಂಟಿಯ ಎರಡು ಸಾವಿರವೇ ದೊಡ್ಡದೆನಿಸಿತೋ, ಯಾರಾದರೂ ಹೋಗಿ ಕೇಳಬಹುದಿತ್ತು. ಕೇಳುವ ಶ್ರಮವನ್ನು ನಮ್ಮ ಶಾಸ್ತ್ರ ಎಂದೋ ಉಳಿಸಿಕೊಟ್ಟಿದೆ.