ಮಂಡೂಕ ಭಯಾನಕ ಮೀಮಾಂಸೆ

ಭರತನ ನಾಟ್ಯಶಾಸ್ತ್ರವು ಹೇಳುವ ಎಂಟು ರಸಗಳಲ್ಲಿ ಭಯಾನಕವೂ ಒಂದಾಗಿದ್ದು, ಅದು ಸಿದ್ಧಿಸಬೇಕಾದರೆ ವಿಭಾವ, ಅಂದರೆ ಭಯಕ್ಕೆ ಕಾರಣವಾದ ವಸ್ತು, ಮತ್ತು ಅನುಭಾವ, ಅಂದರೆ ನಡುಕ, ಬೆವರು ಮೊದಲಾದ ದೇಹವಿಕಾರಗಳು, ಕೂಡಿಬರಬೇಕೆಂಬುದು ಸರ್ವವಿದಿತ. ಜಾರ್ಜ್ ಮೆಕ್‌ಕೋವನ್ ನಿರ್ದೇಶಿಸಿದ ‘ಫ್ರಾಗ್ಸ್’ (1972) ಎಂಬ ಅಮೆರಿಕನ್ ಚಿತ್ರವನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಪ್ರೇಕ್ಷಕನು ಆಷಾಢದ ರಾತ್ರಿ ನೋಡಿದರೆ ಈ ರಸಸಾಮಗ್ರಿಯ ಗತಿ ಏನೆಂಬುದೇ ಪ್ರಸ್ತುತ ಜಿಜ್ಞಾಸೆ.

ಕಥಾಸಾರವಿಷ್ಟು: ಜೌಗು ನೆಲದ ದ್ವೀಪವೊಂದರ ಶ್ರೀಮಂತ ಯಜಮಾನನು (ನಟ ರೇ ಮಿಲಂಡ್) ಕಪ್ಪೆಗಳಿಗೆ ವಿಷ ಹೊಡೆಸಿದ್ದರಿಂದ ಹಾವು, ಹಲ್ಲಿ, ಜೇಡ, ಮೊಸಳೆಗಳು ಅವನ ಬಳಗವನ್ನು ಒಬ್ಬೊಬ್ಬರಾಗಿ ಮುಗಿಸುತ್ತವೆ. ಭಿತ್ತಿಪತ್ರದ ಕಪ್ಪೆಯ ಬಾಯಿಂದ ಮನುಷ್ಯನ ಕೈ ಹೊರಚಾಚಿದ್ದರೂ, ಕಥೆಯ ಕಪ್ಪೆಗಳು ಬಹುಮಟ್ಟಿಗೆ ಕುಳಿತು ವಟಗುಟ್ಟುತ್ತವೆ.

ಚಿತ್ರವು ನಿಧಾನ, ಆದ್ದರಿಂದ ಭಯ ಹುಟ್ಟದು ಎಂಬುದು ಪೂರ್ವಪಕ್ಷ, ಅಂದರೆ ಖಂಡಿಸಲೆಂದೇ ಮುಂದಿಡುವ ವಾದ. ಇದು ನಿಲ್ಲದು, ಏಕೆಂದರೆ ಬೆಳಗಿನವರೆಗೆ ಯಕ್ಷಗಾನ ನೋಡಿ ಬಂದು ಕೊಟ್ಟಿಗೆಗೆ ಹೋಗುವವರಿಗೆ ಒಂದೂವರೆ ತಾಸಿನ ಚಿತ್ರವು ಒಂದು ಒಡ್ಡೋಲಗಕ್ಕೂ, ಅಂದರೆ ಪಾತ್ರಪ್ರವೇಶಕ್ಕೂ, ಸಾಲದು.

ಸಿದ್ಧಾಂತವೇನೆಂದರೆ, ದೋಷವಿರುವುದು ವಿಭಾವದಲ್ಲಿ. ಕೆಸರಿಗೆ ಬಿದ್ದ ಮಹಿಳೆಯ ಮೈಗೆ ಜಿಗಣೆಗಳು ಹತ್ತಿದಾಗ, ಉಂಬಳದೊಡನೆ, ಅಂದರೆ ನೆಲದ ಜಿಗಣೆಯೊಡನೆ, ತೋಟ ತಿರುಗುವ ಪ್ರೇಕ್ಷಕನು ನಡುಗುವ ಬದಲು, ಇವಳು ಸುಣ್ಣ-ತಂಬಾಕು ಹಚ್ಚಿಕೊಳ್ಳದೆ ಹೊರಟಳೇಕೆ ಎಂದು ವಿಚಾರಿಸುತ್ತಾನೆ. ಟಿವಿಯ ಸದ್ದು ತಗ್ಗಿಸಿದರೂ ವಟಗುಟ್ಟುವಿಕೆ ತಗ್ಗದಿರಲು, ಅರ್ಧ ಹಿನ್ನೆಲೆ ಸಂಗೀತವು ಬಚ್ಚಲ ಹಂಡೆಯ ಹಿಂದಿನಿಂದ ಬರುತ್ತಿದೆಯೆಂದು ನಿರ್ಣಯವಾಗುತ್ತದೆ. ಮೇಲಾಗಿ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ಮರಗಳು ಬೇರುಗಳನ್ನು ಮಂಡಿಯಂತೆ ನೀರಿನ ಮೇಲೆತ್ತಿ ನಿಲ್ಲುವ ಜೌಗಿನಲ್ಲಿ, ವಿಜ್ಞಾನಿಗಳು ಗುರುತಿಸಿ 2014ರಲ್ಲಿ ಹೆಸರಿಟ್ಟ ಕುಂಬಾರ ಕಪ್ಪೆಯ ಗಂಡು ರಾತ್ರಿಯಲ್ಲಿ ಮುಂಗಾಲುಗಳಿಂದ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಇಂಥ ಸಂಸಾರವಂದಿಗನಿಗೆ ಮನುಷ್ಯಕುಲವನ್ನು ನಾಶಮಾಡಲು ಪುರಸೊತ್ತಿಲ್ಲ.

ಅನುಭಾವವು ಕಾಣಿಸಿಕೊಳ್ಳುವುದು ಒಂದೇ ಕಡೆ: ಚಿತ್ರದಲ್ಲಿ ವಿಷ ಹೊಡೆಸಿದ ಮಾತು ಬಂದೊಡನೆ ಅಡಿಕೆ ಬೆಳೆಗಾರನು ಬೆವರುತ್ತಾನೆ, ಏಕೆಂದರೆ ಹೊರಗೆ ಮಳೆ ಬಿಟ್ಟಿಲ್ಲ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಬಂದಿಲ್ಲ, ಅಡಿಕೆಯ ಕೊಳೆರೋಗ ತಡೆಯುವ ಎರಡನೆಯ ಸಲದ ಬೋರ್ಡೋ ಮದ್ದು, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಕೊನೆಗಳಿಗೆ ಬಿದ್ದಿಲ್ಲ.

ಆದ್ದರಿಂದ ‘ಫ್ರಾಗ್ಸ್’ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಹಾಸ್ಯರಸದ ಕೃತಿಯೆಂದೂ, ಕೊಳೆರೋಗದ ಮೇಲೆ ಯಾರಾದರೂ ಚಿತ್ರ ತೆಗೆದರೆ ಅದೇ ಶುದ್ಧ ಭಯಾನಕವೆಂದೂ, ಅದನ್ನು ತೋಟವಿದ್ದವರಿಗೆ ಮಳೆಗಾಲದಲ್ಲಿ ತೋರಿಸಬಾರದೆಂದೂ ತೀರ್ಮಾನಿಸಲಾಗಿದೆ.