ಸೀನಣ್ಣನ ಜೆರಾಕ್ಸಿನಲ್ಲಿ ತ್ರೀ-ಸಿಕ್ಸ್-ನೈನ್

(ಇಂಜಿನಿಯರಿಂಗ್ ಕಾಲೇಜಿನ ಗೇಟಿಗೆ ಎದುರಾಗಿ ಜೆರಾಕ್ಸ್ ಅಂಗಡಿ. ಸೀನಣ್ಣ ಓದಿದ್ದು ಎಸೆಸೆಲ್ಸಿ. ಆದರೆ ಬೆಳಗಾವಿಯ ವಿಟಿಯು ಹೊರಡಿಸಿದ ಸುತ್ತೋಲೆಗಳೆಲ್ಲ ಅವನ ಮಿಷನ್ನಿನ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋದವೇ. ಹಾಗಾಗಿ ನಿಯಮದ ವಿಷಯದಲ್ಲಿ ಎಷ್ಟೋ ಲೆಕ್ಚರರ್‌ಗಳೂ ಅವನನ್ನೇ ಕೇಳುತ್ತಾರೆ. ಐದನೇ ಸೆಮ್ಮಿನ ಪ್ರಜ್ವಲ್ ಒಂದು ಹಾಳೆ ಹಿಡಿದು ಬರುತ್ತಾನೆ.)

ಪ್ರಜ್ವಲ್: ಸೀನಣ್ಣ, ಇದು ಹದಿನೇಳು ಕಾಪಿ.

ಸೀನಣ್ಣ: (ಓದುತ್ತ) 'ನಾನು ಥಿಯರಿ ಆಫ್ ಕಂಪ್ಯುಟೇಷನ್ ಪಾಸಾಗಿದ್ದೇನೆ. ವಿಶ್ವಕ್ಕೆ ಧನ್ಯವಾದ.' ರಿಸಲ್ಟ್ ಯಾವಾಗ ಬಂತೋ?

ಪ್ರಜ್ವಲ್: ಎಕ್ಸಾಮೇ ಆಗಿಲ್ಲ ಅಣ್ಣ. ಇದು ಮ್ಯಾನಿಫೆಸ್ಟೇಷನ್ನು. ಆಗೋಗಿದೆ ಅಂತಲೇ ಬರೀಬೇಕು. ಬೆಳಗ್ಗೆ ಮೂರು ಸಲ, ಮಧ್ಯಾಹ್ನ ಆರು, ರಾತ್ರಿ ಒಂಬತ್ತು. ಒಟ್ಟು 18. ಕೈ ನೋಯುತ್ತೆ ಅಂತ ಒಂದು ಬರೆದೆ, ಮಿಕ್ಕಿದ್ದು ಜೆರಾಕ್ಸ್.

ಸೀನಣ್ಣ: ವಿಶ್ವ ಜೆರಾಕ್ಸ್ ತಗೊಳ್ಳುತ್ತಾ? ನಿಮ್ಮ ಆಫೀಸಲ್ಲೇ ಒರಿಜಿನಲ್ ಕೇಳ್ತಾರೆ.

ಪ್ರಜ್ವಲ್: ಭಾವನೆ ಮುಖ್ಯ ಅಣ್ಣ.

ಸೀನಣ್ಣ: ಯಾವುದಕ್ಕೂ ಅಟೆಸ್ಟ್ ಮಾಡಿಸಿಡು.

ಪ್ರಜ್ವಲ್: ಸೆಲ್ಫ್ ಅಟೆಸ್ಟ್ ಸಾಕಾಗಲ್ವಾ?

ಸೀನಣ್ಣ: ಅದೂ ಸರೀನೆ. ಒಂದು ಸೈಡೋ ಎರಡು ಸೈಡೋ?

ಪ್ರಜ್ವಲ್: ಒಂದೇ ಸೈಡ್. ಬೆನ್ನಿಗೆ ಬೆನ್ನು ಬಂದ್ರೆ ನೆಗೆಟಿವ್ ಎನರ್ಜಿ.

ಸೀನಣ್ಣ: ಕಲರ್ ಹಾಕಲಾ? ಕಪ್ಪು ಬಿಳುಪಲ್ಲಿ ಕನಸು ಮಂಕಾಗುತ್ತೆ. ಕಾಪಿಗೆ ಹತ್ತು ರೂಪಾಯಿ.

ಪ್ರಜ್ವಲ್: ಬೇಡ ಬೇಡ, ಕಪ್ಪಲ್ಲೇ ಹಾಕಿ. ವಿಶ್ವಕ್ಕೆ ಅರ್ಥ ಆಗುತ್ತೆ.

ಸೀನಣ್ಣ: ಡ್ರಮ್ ಹೋಗಿದೆ, ಮಧ್ಯಕ್ಕೆ ಸರಿಯಾಗಿ ಒಂದು ಗೆರೆ ಬೀಳ್ತಿದೆ. 'ಪಾಸಾಗಿದ್ದೇನೆ' ಅನ್ನೋದನ್ನ ಹೊಡೆದುಹಾಕಿದ ಹಾಗೆ ಕಾಣುತ್ತೆ. ಮೇಲಿರೋರು ತಪ್ಪು ತಿಳ್ಕೊಂಡ್ರೆ ನನ್ನ ಕೇಳಬೇಡ.

ಪ್ರಜ್ವಲ್: (ಗಾಬರಿಯಿಂದ) ಹಾಳೆ ಸ್ವಲ್ಪ ಓರೆ ಇಡಿ ಅಣ್ಣ!

ಸೀನಣ್ಣ: ಓರೆ ಇಟ್ರೆ ರಿಸಲ್ಟೂ ಓರೆ ಬರಲ್ವಾ? ಹೋಗಲಿ, ಇದನ್ನೆಲ್ಲ ಹೇಳಿಕೊಟ್ಟೋರು ಯಾರೋ?

ಪ್ರಜ್ವಲ್: ಟೆಸ್ಲಾ! ಕಾರಲ್ಲ, ಸೈಂಟಿಸ್ಟು. ರೀಲ್ಸಲ್ಲಿ ನೋಡಿದೆ.

ಸೀನಣ್ಣ: ಅವನ ಆತ್ಮಚರಿತ್ರೆ ನನ್ನ ಹತ್ರಾನೇ ಇದೆ. ಟ್ರಿಪಲ್ ಇ ಹುಡುಗ ಸ್ಪೈರಲ್ ಬೈಂಡಿಂಗಿಗೆ ಕೊಟ್ಟು ಮರೆತುಹೋದ. ಗಿರಾಕಿ ಇಲ್ಲದಾಗ ಓದಿದೆ. ಮೂರು ನಿಜ. ಕಾಲೇಜಿನ ಮೊದಲ ವರ್ಷ ಬೆಳಗಿನ ಜಾವ ಮೂರಕ್ಕೆ ಎದ್ದು ಕೂತರೆ ರಾತ್ರಿ ಹನ್ನೊಂದರವರೆಗೂ ಓದ್ತಿದ್ದನಂತೆ, ಭಾನುವಾರಾನೂ ಬಿಡದೆ. ಒಂಬತ್ತೂ ನಿಜ. ಒಂಬತ್ತು ಪರೀಕ್ಷೆ ಪಾಸಾದ. ಹೀಗೇ ಓದಿದರೆ ಹುಡುಗ ಸತ್ತೇ ಹೋಗ್ತಾನೆ, ಬಂದು ಕರ್ಕೊಂಡು ಹೋಗಿ ಅಂತ ಮೇಷ್ಟ್ರುಗಳು ಅವರಪ್ಪನಿಗೆ ಕಾಗದ ಹಾಕಿದ್ರಂತೆ. ನಿಮ್ಮಪ್ಪನಿಗೆ ಅಂಥಾ ಕಾಗದ ಬಂದಿದೆಯಾ?

ಪ್ರಜ್ವಲ್: ಮೂರು ಬಂತು, ಒಂಬತ್ತು ಬಂತು, ಆರೆಲ್ಲಿ?

ಸೀನಣ್ಣ: ಆರುನೂರು ನನ್ನ ಪುಸ್ತಕದಲ್ಲಿದೆ. ನಿನ್ನ ಬಾಕಿ.

ಪ್ರಜ್ವಲ್: ಅಣ್ಣ, ಟೆಸ್ಲಾ ಡಿಗ್ರಿ ಮುಗಿಸಲಿಲ್ಲ, ಗೊತ್ತಾ?

ಸೀನಣ್ಣ: ಮುಗಿಸಲಿಲ್ಲ. ಜೂಜಿಗೆ ಬಿದ್ದಿದ್ದ ಅಂತ ಅವನೇ ಬರ್ಕೊಂಡಿದ್ದಾನೆ. ಅದನ್ನ ಯಾವ ರೀಲಲ್ಲೂ ಹೇಳಲ್ಲ.

ಪ್ರಜ್ವಲ್: ಇದಕ್ಕೇನಂತೀರಾ? ಮೂರು, ಆರು, ಒಂಬತ್ತು ಕೂಡಿಸಿದ್ರೆ 18. ಫೈನಲ್ ಎಕ್ಸಾಮಲ್ಲಿ 50ಕ್ಕೆ ಪಾಸಾಗೋಕೆ ಎಷ್ಟು ಬೇಕು? 18! ಇದು ವಿಶ್ವದ ಸೂಚನೆ ಅಲ್ವಾ?

ಸೀನಣ್ಣ: ಇಂಟರ್ನಲ್ಸ್ ಎಷ್ಟು ಬಂದಿದೆ?

ಪ್ರಜ್ವಲ್: ಕರೆಕ್ಟಾಗಿ 20. ಅಲ್ಲೂ 50ಕ್ಕೆ ಅಷ್ಟೇ ಸಾಕು.

ಸೀನಣ್ಣ: ಕೂಡು.

ಪ್ರಜ್ವಲ್: 38.

ಸೀನಣ್ಣ: ಎರಡೂ ಸೇರಿ 40 ಬೇಕು ಕಣೋ! ಅಲ್ಲೂ ಪಾಸು, ಇಲ್ಲೂ ಪಾಸು, ಒಟ್ಟಲ್ಲಿ ಫೇಲು. ನಿನ್ನ ವಿಶ್ವ ರೆಗ್ಯುಲೇಷನ್ ಓದಿಲ್ಲ.

ಪ್ರಜ್ವಲ್: (ಸ್ವಲ್ಪ ಹೊತ್ತು ಸುಮ್ಮನಿದ್ದು) ಎರಡು ಮಾರ್ಕ್ಸಿಗೆ ಎರಡು ಲೋಟದ ಮೆಥಡ್ ಇದೆ. ಒಂದು ಲೋಟದ ನೀರು ಇನ್ನೊಂದಕ್ಕೆ ಹುಯ್ದು ಕುಡಿಯೋದು.

ಸೀನಣ್ಣ: ಕುಡಿ, ಸೆಕೆಗೆ ಒಳ್ಳೇದು. ಲೋ, ಐದು ಮಾಡ್ಯೂಲು. ಒಂದೊಂದಕ್ಕೆ ಎರಡು ಪ್ರಶ್ನೆ ಕೊಟ್ಟು ಒಂದು ಬರಿ ಅಂತಾರೆ, ಇಪ್ಪತ್ತಿಪ್ಪತ್ತು ಮಾರ್ಕ್ಸು. 100ಕ್ಕೆ ಬರೆಸಿ 50ಕ್ಕೆ ಇಳಿಸ್ತಾರೆ. ಎರಡು ಮಾಡ್ಯೂಲ್ ನೆಟ್ಟಗೆ ಓದಿದ್ರೆ ಆಯ್ತಪ್ಪ. ಇದಕ್ಕಿಂತ ಕೈ ಸಡಿಲ ಮಾಡಿ ಯಾರಾದ್ರೂ ನಿಯಮ ಮಾಡಕ್ಕಾಗುತ್ತಾ? ಹೀಗೆ ವಿಶ್ವಕ್ಕೆ ಹೇಳಿ ಪಾಸಾದವನು ಲಿಫ್ಟು ಡಿಸೈನ್ ಮಾಡಿದ್ರೆ ನೀನು ಹತ್ತುತ್ತೀಯಾ?

ಪ್ರಜ್ವಲ್: ನಂದು ಕಂಪ್ಯೂಟರ್ ಸೈನ್ಸ್.

ಸೀನಣ್ಣ: ಆ ಲಿಫ್ಟಿಗೂ ಪ್ರೋಗ್ರಾಂ ಬರೆಯೋರು ನಿಮ್ಮೋರೇ. ಇರಲಿ, ಡಿಗ್ರಿ ಕೈಗೆ ಬರೋದ್ರೊಳಗೆ 100 ಆಕ್ಟಿವಿಟಿ ಪಾಯಿಂಟೂ ಬೇಕಲ್ಲ, ಏನು ಮಾಡಿದ್ದೀಯ?

ಪ್ರಜ್ವಲ್: ದಿನಾ ಹತ್ತು ನಿಮಿಷ ಲೋಕಕ್ಕೆ ಒಳ್ಳೇದಾಗಲಿ ಅಂದ್ಕೊಳ್ತೀನಿ.

ಸೀನಣ್ಣ: ಅದಕ್ಕೆ ಸರ್ಟಿಫಿಕೇಟ್ ಯಾರು ಕೊಡ್ತಾರೆ? ಬಿಡು. ಅಟೆಂಡೆನ್ಸು?

ಪ್ರಜ್ವಲ್: ಅದಕ್ಕೂ ಬೇರೆ ನೋಟ್‌ಬುಕ್ ಇಟ್ಟಿದ್ದೀನಿ. ಕ್ಲಾಸ್ ಟೈಮಲ್ಲೇ ಕೂತು ಬರೀತೀನಿ.

ಸೀನಣ್ಣ: ಎಲ್ಲಿ ಕೂತು?

ಪ್ರಜ್ವಲ್: ರೂಮಲ್ಲಿ.

ಸೀನಣ್ಣ: ಒಂದೊಂದು ಸಬ್ಜೆಕ್ಟಿಗೂ 85 ಪರ್ಸೆಂಟ್ ಬೇಕು. ಕಾಯಿಲೆ ಕಸಾಲೆ ಅಂದ್ರೆ ಪ್ರಿನ್ಸಿಪಾಲರು ಶಿಫಾರಸು ಮಾಡಿ, ಕುಲಪತಿಗಳು 10ರವರೆಗೆ ಮನ್ನಾ ಮಾಡಬಹುದು. 75ರ ಕೆಳಗೆ ಇಳಿದರೆ ಕುಲಪತಿಗಳ ಕೈಯಲ್ಲೂ ಏನೂ ಇಲ್ಲ.

ಪ್ರಜ್ವಲ್: ಅದಕ್ಕೇ ಅಣ್ಣ, ಅವರಿಗಿಂತ ಮೇಲಿನವರಿಗೇ ಡೈರೆಕ್ಟಾಗಿ ಹೇಳಿರೋದು.

(ಡಿಪಾರ್ಟ್‌ಮೆಂಟಿನ ಅಟೆಂಡರ್ ಮಾದಪ್ಪ ಬೆವರು ಒರೆಸಿಕೊಳ್ಳುತ್ತ ಬರುತ್ತಾನೆ.)

ಮಾದಪ್ಪ: ಸೀನ, ಅರ್ಜೆಂಟು. ಶಾರ್ಟೇಜ್ ಲಿಸ್ಟು, ನಾಲ್ಕು ಕಾಪಿ. ನೋಟಿಸ್ ಬೋರ್ಡಿಗೆ ಹಾಕ್ಬೇಕು.

ಸೀನಣ್ಣ: (ಲಿಸ್ಟಿನ ಮೇಲೆ ಬೆರಳಾಡಿಸುತ್ತ) ಪ್ರಜ್ವಲ್, ಇಲ್ಲಿದ್ದೀಯಲ್ಲೋ. ಮೂರನೇ ಹೆಸರು.

ಪ್ರಜ್ವಲ್: ಎಷ್ಟಿದೆ ಅಣ್ಣ?

ಸೀನಣ್ಣ: 69.

ಪ್ರಜ್ವಲ್: (ಬೆರಳು ಮಡಿಸುತ್ತ) ಮೂರನೇ ಹೆಸರು... ಆರು... ಒಂಬತ್ತು... ಸೀನಣ್ಣ! ತ್ರೀ-ಸಿಕ್ಸ್-ನೈನ್! ರಿಪ್ಲೈ ಬಂತು!

(ಕುಣಿಯುತ್ತ ಓಡುತ್ತಾನೆ.)

ಮಾದಪ್ಪ: ಏನಾಯ್ತೋ ಆ ಹುಡುಗನಿಗೆ?

ಸೀನಣ್ಣ: ಡಿಟೈನ್ ಆಗಿದ್ದಾನೆ, ಖುಷಿಗೆ.